ಖಾಲಿ ಬಿಡಬಾರದ ಕಾಲಂ

ನಿತ್ಯಾನಂದರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಬಸ್ಸಿನ ಸೀಟಿನ ವಿಷಯವಲ್ಲ, ಫಾರಂಗಳ ವಿಷಯ. ಕೊಚ್ಚಿಯ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಕೂತು, ಜನ ತುಂಬದೆ ಬಿಟ್ಟ ಕಾಲಂಗಳಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಹಾಕಿ, ಅವರ ತೋರುಬೆರಳು ಈಗ ಊಟದ ಎಲೆಯ ಮೇಲೂ ತಾನಾಗಿ ಸುತ್ತು ಹಾಕುತ್ತಿತ್ತು. ಮಗಳ ಕಾಲೇಜಿನ ಅರ್ಜಿಯಲ್ಲಿ ‘ಕ್ರೀಡೆಯಲ್ಲಿ ಸಾಧನೆ’ ಎಂಬ ಕಡೆ ಅವಳು ಏನೂ ಬರೆಯದೆ ಬಿಟ್ಟಿದ್ದಕ್ಕೆ, ಇವರು ‘ಬೆಳಿಗ್ಗೆ ನಡೆಯುತ್ತಾಳೆ’ ಎಂದು ತುಂಬಿ ಕಳಿಸಿದ್ದರು. ಮೈಸೂರಿನಿಂದ ಬಂದ ಮನುಷ್ಯ, ಒಳ್ಳೆಯವರು. ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಮುಂದೆ ಆದದ್ದನ್ನು ಓದುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಲೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಒಂದು ಟೈಲ್ಸ್ ಅಂಗಡಿಯ ಮಹಡಿಯ ಮೇಲೆ ‘ಕಾವೇರಿ ಕನ್ನಡ ಕೂಟ’ವಿದೆ. ಕೊಚ್ಚಿಯಿಂದ ತಿರುವನಂತಪುರದವರೆಗೆ ಹರಡಿಕೊಂಡ ನೂರ ಎಂಬತ್ತನಾಲ್ಕು ಕನ್ನಡ ಕುಟುಂಬಗಳು ಅದರ ಸದಸ್ಯರು. ಅವರ ವಿವರಗಳೆಲ್ಲ ಒಂದು ಉದ್ದನೆಯ ರಿಜಿಸ್ಟರಿನಲ್ಲಿದ್ದವು. ಆ ರಿಜಿಸ್ಟರಿನ ಮೂರನೇ ಒಂದು ಭಾಗ ಗೆದ್ದಲಿನ ಹೊಟ್ಟೆಯಲ್ಲಿತ್ತು. ಕಳೆದ ವರ್ಷ ನಿತ್ಯಾನಂದರು ಕಾರ್ಯದರ್ಶಿಯಾದರು. ಆ ಹೊತ್ತಿಗೆ ಅವರು ಕಚೇರಿಯ ವತಿಯಿಂದ ಎರಡು ದಿನದ ಕಂಪ್ಯೂಟರ್ ತರಬೇತಿ ಮುಗಿಸಿದ್ದರು. ಅದರ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಮನೆಯ ಪಡಸಾಲೆಯಲ್ಲಿ ಮಾವನವರ ಫೋಟೋ ತೆಗೆದು ಅಲ್ಲಿ ನೇತು ಹಾಕಿದ್ದರು. ಅದಕ್ಕೆ ಮುನಿದು ಹೆಂಡತಿ ಕೋಕಿಲಾ ಒಂದು ವಾರ ಮಾತಾಡಿರಲಿಲ್ಲ.

“ಎಲ್ಲವನ್ನೂ ಕಂಪ್ಯೂಟರಿಗೆ ಹಾಕೋಣ,” ಎಂದು ಅವರು ಮೊದಲ ಸಭೆಯಲ್ಲೇ ಘೋಷಿಸಿದರು. ಪ್ರೋಗ್ರಾಂ ಬರೆದುಕೊಟ್ಟವಳು ಅಪರ್ಣಾ. ಕಾಸರಗೋಡಿನವಳು, ಕಳಮಶ್ಶೇರಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮೂರು ಭಾನುವಾರದಲ್ಲಿ ಕೆಲಸ ಮುಗಿಸಿದಳು. ಹೆಸರು, ವಿಳಾಸ, ಫೋನು, ಹುಟ್ಟಿದ ದಿನ, ಮದುವೆಯ ದಿನ. ಹುಟ್ಟುಹಬ್ಬಕ್ಕೂ ಮದುವೆಯ ವಾರ್ಷಿಕೋತ್ಸವಕ್ಕೂ ಬೆಳಿಗ್ಗೆ ಎಂಟಕ್ಕೆ ಕೂಟದ ವಾಟ್ಸಾಪ್ ಗುಂಪಿಗೆ ತಾನಾಗಿಯೇ ಶುಭಾಶಯ ಹೋಗುವ ಏರ್ಪಾಡು ಕೂಡ ಇತ್ತು. ಇದಕ್ಕೆ ನಿತ್ಯಾನಂದರ ಕಣ್ಣು ತುಂಬಿ ಬಂದಿತ್ತು. ಆದರೆ ಪಟ್ಟಿ ನೋಡುತ್ತ ಹೋದಾಗ ಹನ್ನೊಂದು ಕಡೆ ಮದುವೆಯ ದಿನಾಂಕ ಇರಲಿಲ್ಲ.

“ಇದೇನಮ್ಮ, ಖಾಲಿ?”

“ಅವರು ಕೊಡಲಿಲ್ಲ ಸಾರ್. ಖಾಲಿ ಇದ್ದರೆ ಇರಲಿ. ಖಾಲಿ ಅಂದ್ರೆ ತಪ್ಪು ಅಂತ ಅಲ್ಲ. ಗೊತ್ತಿಲ್ಲ ಅಂತ, ಇಲ್ಲದಿದ್ದರೆ ಆಗಲೇ ಇಲ್ಲ ಅಂತ. ಅಷ್ಟೇ.”

“ಗೊತ್ತಿಲ್ಲ ಅನ್ನೋದಕ್ಕೂ ಆಗಲೇ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಬೇಡ್ವೇ?”

“ಬೇಕು. ಅದನ್ನು ಅವರನ್ನೇ ಕೇಳಿ ತಿಳ್ಕೊಳ್ಬೇಕು ಸಾರ್. ನಾವು ತುಂಬಿಸಿಬಿಟ್ರೆ ಮತ್ತೆ ಯಾವತ್ತೂ ತಿಳಿಯುದಿಲ್ಲ.”

“ಖಾಲಿ ಬಿಡೋಕೆ ಅವಕಾಶ ಕೊಟ್ಟರೆ ಜನಕ್ಕೆ ಸೋಮಾರಿತನ ಬರುತ್ತೆ. ಇನ್ನು ಮೇಲೆ ದಿನಾಂಕ ಇಲ್ಲದೆ ಒಂದಕ್ಷರವೂ ಸೇವ್ ಆಗಬಾರದು. ಹಾಗೆ ಮಾಡಿಬಿಡು.”

ಅಪರ್ಣಾ ಎರಡು ಸಲ ಬೇಡವೆಂದಳು. ಮೂರನೇ ಸಲ ಹೇಳದೆ ಹಾಗೆಯೇ ಮಾಡಿಕೊಟ್ಟಳು.

ನವೆಂಬರಿನಲ್ಲಿ ಸದಸ್ಯರ ಫೋನ್ ನಂಬರುಗಳನ್ನು ಪರಿಷ್ಕರಿಸುವ ಕೆಲಸ ಬಂತು. ತಿರುವನಂತಪುರದ ಚಾಲೈ ಪೇಟೆಯಲ್ಲಿ ತಕ್ಕಡಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಅಪ್ಪಣ್ಣ ಎಂಬ ಹಿರಿಯರು ಹೊಸ ನಂಬರು ಕಳಿಸಿದ್ದರು. ನಿತ್ಯಾನಂದರು ಹಳೆಯದನ್ನು ಅಳಿಸಿ ಹೊಸದನ್ನು ಒತ್ತಿದರು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ‘ಮದುವೆಯ ದಿನಾಂಕ ನಮೂದಿಸಿ.’ ಇನ್ನೊಮ್ಮೆ ಒತ್ತಿದರು. ‘ಮದುವೆಯ ದಿನಾಂಕ ನಮೂದಿಸಿ.’ ಫೋನ್ ನಂಬರಿಗೂ ಮದುವೆಗೂ ಏನು ಸಂಬಂಧವೆಂದು ಅವರು ಪರದೆಯನ್ನೇ ಕೇಳಿದರು. ಅವರ ಕೌಂಟರಿನ ಮುಂದೆ ಇಪ್ಪತ್ತೇಳು ವರ್ಷದಿಂದ ಜನ ಕೇಳುತ್ತಿದ್ದುದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಅಪರ್ಣಾಗೆ ಫೋನ್ ಮಾಡಿದರೆ ಅವಳು ಯಾವುದೋ ವಿಚಾರಗೋಷ್ಠಿಯಲ್ಲಿದ್ದಳು. ‘ನಿಯಮ ತೆಗೆದುಬಿಡು’ ಎಂದು ಅವಳಿಗೆ ಬರೆಯುವುದು ಅವರ ಘನತೆಗೆ ಒಪ್ಪಲಿಲ್ಲ. ಸದ್ಯಕ್ಕೆ ಏನಾದರೂ ಒಂದು ಹಾಕೋಣ, ಆಮೇಲೆ ತಿದ್ದಿದರಾಯಿತು ಎಂದುಕೊಂಡು, ಒತ್ತಲು ಸುಲಭವೆಂದು 01-01-1976 ಎಂದು ಹಾಕಿದರು. ಕೆಂಪು ಅಕ್ಷರ ಮಾಯವಾಯಿತು. ಉಳಿದ ಹತ್ತು ಕಡೆಯೂ ಅದನ್ನೇ ಹಾಕಿದರು.

ಕಾಲಂಗಳೆಲ್ಲ ತುಂಬಿದವು. ಆ ತೃಪ್ತಿಯಲ್ಲಿ ಅವರು ಮರೆತೇಬಿಟ್ಟರು.

ಜನವರಿ ಒಂದರಂದು ಬೆಳಿಗ್ಗೆ ಅವರು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಕೋಕಿಲಾ ಫೋನು ಹಿಡಿದು ಬಂದಳು.

“ರೀ, ಈ ನಟರಾಜ ಅನ್ನೋ ಹುಡುಗ ಮದುವೆಯಾಗಿ ಐವತ್ತು ವರ್ಷ ಆಯ್ತಾ?”

“ಯಾವ ನಟರಾಜ?”

“ಬ್ಯಾಂಕಿನವನು. ಯುಗಾದಿಗೆ ಬಂದು ಆರು ಹೋಳಿಗೆ ತಿಂದನಲ್ಲ. ಅವನಿಗೆ ‘ಸುವರ್ಣ ದಾಂಪತ್ಯದ ಶುಭಾಶಯಗಳು’ ಅಂತ ಗುಂಪಿನಲ್ಲಿ ಹಾಕಿದೀರಿ. ನಿಮ್ಮ ಹೆಸರಲ್ಲೇ ಇದೆ.”

ನಿತ್ಯಾನಂದರು ಸೋಪಿನ ಮುಖದಲ್ಲೇ ಫೋನು ಕಿತ್ತುಕೊಂಡರು. ಎಂಟು ಗಂಟೆ ಹೊಡೆದ ಕೂಡಲೇ ಪ್ರೋಗ್ರಾಂ ಹನ್ನೊಂದು ಶುಭಾಶಯಗಳನ್ನು ಒಂದರ ಹಿಂದೊಂದು ಕಳಿಸಿತ್ತು, ಹೂವಿನ ಚಿತ್ರದೊಂದಿಗೆ. ಅಷ್ಟರಲ್ಲಿ ನಟರಾಜನ ಕರೆಯೇ ಬಂತು.

“ಸಾರ್, ನನಗೆ ಶಿವಮೊಗ್ಗದ ಕಡೆ ಒಂದು ಸಂಬಂಧ ನೋಡ್ತಿದಾರೆ. ಹುಡುಗಿಯ ಸೋದರಮಾವ ಇದೇ ಗುಂಪಿನಲ್ಲಿದಾರೆ. ಮೊದಲನೇ ಹೆಂಡತಿ ಎಲ್ಲಿ ಅಂತ ಕೇಳ್ತಿದಾರೆ.”

“ನೀವು ಹುಟ್ಟಿದ್ದೇ ಮೂವತ್ತೊಂದು ವರ್ಷದ ಹಿಂದೆ ಅಂತ ಹೇಳಿ.”

“ಹೇಳಿದೆ ಸಾರ್. ಹಾಗಾದ್ರೆ ವಯಸ್ಸೂ ಸುಳ್ಳಾ ಅಂದ್ರು.”

ಆ ಫೋನು ಇಡುವಷ್ಟರಲ್ಲಿ ಸಿಸ್ಟರ್ ಗ್ರೇಸಿ ಫೋನ್ ಮಾಡಿದರು. ಮಂಗಳೂರಿನವರು, ಎರ್ನಾಕುಳಂನ ಒಂದು ಕಾನ್ವೆಂಟಿನಲ್ಲಿ ಕಲಿಸುವ ಸನ್ಯಾಸಿನಿ. “ನಿತ್ಯಾನಂದರೇ, ಶುಭಾಶಯಕ್ಕೆ ಧನ್ಯವಾದ. ಆದರೆ ನಾನು ವ್ರತ ತೆಗೆದುಕೊಂಡು ಇಪ್ಪತ್ತೆರಡೇ ವರ್ಷ ಆದದ್ದು. ಐವತ್ತು ಅಂತ ಮದರ್ ಸುಪೀರಿಯರ್ ಓದಿದರೆ ನನಗೆ ಈಗಲೇ ರಿಟೈರ್‌ಮೆಂಟ್ ಕೊಟ್ಟುಬಿಡ್ತಾರೆ,” ಎಂದು ನಕ್ಕು ಫೋನಿಟ್ಟರು.

ಮಧ್ಯಾಹ್ನದೊಳಗೆ ನಿತ್ಯಾನಂದರು ಹತ್ತು ಜನರ ಕ್ಷಮೆ ಕೇಳಿದರು. ಹತ್ತು ಜನಕ್ಕೂ ‘ಯಂತ್ರದ ದೋಷ’ ಎಂದರು. ಯಂತ್ರಕ್ಕೆ ಬಾಯಿಲ್ಲದ್ದು ಮನುಷ್ಯನಿಗೆ ಎಷ್ಟು ದೊಡ್ಡ ಅನುಕೂಲವೆಂಬುದು ಅಂದು ಅವರಿಗೆ ತಿಳಿಯಿತು.

ಹನ್ನೊಂದನೆಯವರಾದ ಅಪ್ಪಣ್ಣನವರಿಗೆ ಫೋನು ಮಾಡಲು ಕೂತಾಗ ಗುಂಪು ನೋಡಿದರು. ಕೈ ಅಲ್ಲೇ ನಿಂತಿತು. ಆ ಹತ್ತು ಕಂಡ ಕೂಡಲೇ ಸುಳ್ಳೆಂದು ಎಲ್ಲರಿಗೂ ಗೊತ್ತಾಗಿದ್ದವು. ಇದೊಂದು ಮಾತ್ರ ನಿಜದ ಹಾಗೇ ಇತ್ತು. ಅಪ್ಪಣ್ಣನವರಿಗೆ ಎಪ್ಪತ್ತಾರು, ಅವರ ಸುಮಿತ್ರಮ್ಮನವರಿಗೆ ಎಪ್ಪತ್ತಮೂರು. ಐವತ್ತು ವರ್ಷದ ದಾಂಪತ್ಯ ಎಂದರೆ ಯಾರು ತಾನೇ ಅನುಮಾನಪಡುತ್ತಾರೆ? ಗುಂಪಿನಲ್ಲಿ ನೂರ ಮೂವತ್ತು ಜನ ಕೈಮುಗಿದಿದ್ದರು. ಕೂಟದ ಅಧ್ಯಕ್ಷ ಯಶವಂತರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಮೈಕು ಕಂಡರೆ ಹಸಿವು ಮರೆಯುವವರು, ಆಗಲೇ ಘೋಷಿಸಿಬಿಟ್ಟಿದ್ದರು: ‘ಹದಿನೆಂಟನೇ ತಾರೀಕು ಭಾನುವಾರದ ಸಂಕ್ರಾಂತಿ ಕೂಟದಲ್ಲಿ ಈ ಆದರ್ಶ ದಂಪತಿಗೆ ಸುವರ್ಣ ಸನ್ಮಾನ.’

ಅದರ ಕೆಳಗೆ ಅಪ್ಪಣ್ಣನವರ ಮಗಳು ನಂದಿತಾ ಧನ್ಯವಾದ ಬರೆದಿದ್ದಳು. ಅವಳು ಕಲೂರಿನಲ್ಲೇ ಬ್ಯಾಂಕಿನಲ್ಲಿದ್ದವಳು. ಬರೆದದ್ದು ಸಾಲದೆಂದು ಸಂಜೆ ಮನೆಗೇ ಬಂದಳು, ಬಾಳೆಕಾಯಿ ಚಿಪ್ಸಿನ ದೊಡ್ಡ ಪೊಟ್ಟಣ ಹಿಡಿದು. ನಿತ್ಯಾನಂದರನ್ನು ಅವಳು ಮಲಯಾಳಂ ರೂಢಿಯಂತೆ ‘ಚೇಟ್ಟಾ’, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದಳು.

“ಚೇಟ್ಟಾ, ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ! ಕೇಳಿದಾಗೆಲ್ಲ ಅಮ್ಮ ಮಾತು ತಿರುಗಿಸ್ತಿದ್ದಳು. ಅಪ್ಪ ನಗ್ತಿದ್ದರು. ನಾನು ಒಂದು ಆನಿವರ್ಸರಿಯೂ ಮಾಡಿಲ್ಲ ಅವರಿಗೆ. ನೀವು ಹೇಗೋ ಹುಡುಕಿ ತೆಗೆದಿರಿ. ತುಂಬ ಥ್ಯಾಂಕ್ಸ್.” ಅವಳ ಕಣ್ಣಲ್ಲಿ ನೀರಿತ್ತು.

ಯಂತ್ರದ ದೋಷವೆಂಬ ಮಾತು ನಿತ್ಯಾನಂದರ ಗಂಟಲಿನವರೆಗೆ ಬಂದು ಅಲ್ಲಿಂದಲೇ ವಾಪಸ್ಸಾಯಿತು. “ಕರ್ತವ್ಯ,” ಎಂದರು ಅವರು.

ಅವಳು ಹೋದ ಮೇಲೆ ಕೋಕಿಲಾ ಚಿಪ್ಸು ಡಬ್ಬಿಗೆ ತುಂಬುತ್ತ ಕೇಳಿದಳು. “ರೀ, ಆಗಸ್ಟ್‌ನಲ್ಲಿ ನಾವು ನಂದಿತಾ ಮನೆಗೆ ಹೋಗಿದ್ವಲ್ಲ, ಪಾಯಸ ತಿಂದು ಬಂದ್ವಲ್ಲ, ಅದು ಯಾತಕ್ಕೆ?”

“ಅವಳ ಹುಟ್ಟುಹಬ್ಬ.”

“ಎಷ್ಟನೆಯದು?”

“ಐವತ್ತನೆಯದು,” ಎಂದ ನಿತ್ಯಾನಂದರ ಬಾಯಿ ತೆರೆದಂತೆಯೇ ಉಳಿಯಿತು.

ಕೋಕಿಲಾ ಡಬ್ಬಿಯ ಮುಚ್ಚಳ ಒತ್ತಿದಳು. “ಅಪ್ಪ ಅಮ್ಮನ ಮದುವೆಗೆ ಅವಳು ಐದು ತಿಂಗಳ ಮಗು. ನಿಮ್ಮ ಕಂಪ್ಯೂಟರ್ ಹಾಗೆ ಹೇಳ್ತಿದೆ.”

ಕೋಕಿಲಾಗೆ ಹೊಳೆದದ್ದು ಉಳಿದವರಿಗೆ ಹೊಳೆಯದೆ ಇರುತ್ತದೆಯೇ? ಮರುದಿನ ಇಬ್ಬರು ಫೋನು ಮಾಡಿ ‘ಸುಮ್ಮನೆ ಕೇಳಿದೆ’ ಎಂದು ನಂದಿತಾಳ ವಯಸ್ಸು ಕೇಳಿದರು. ಮೂರನೇ ದಿನ ಯಶವಂತರೇ ಕೂಟದ ಕಚೇರಿಗೆ ಬಂದು ಬಾಗಿಲು ಮುಚ್ಚಿಕೊಂಡು ಕೂತರು.

“ನಿತ್ಯಾನಂದ, ಜನ ಏನೇನೋ ಲೆಕ್ಕ ಹಾಕ್ತಿದಾರೆ. ಪಾಪ, ಆ ಹೆಣ್ಣುಮಗಳ ಕಿವಿಗೆ ಬಿದ್ರೆ? ನೀವು ಒಂದು ಅಂಕಿ ತಿದ್ದಿಬಿಡಿ. ಎಪ್ಪತ್ತನಾಲ್ಕು ಅಂತ ಮಾಡಿ. ಎಲ್ಲ ಸರಿಹೋಗುತ್ತೆ.”

“ಆಗ ಐವತ್ತೆರಡು ವರ್ಷ ಆಗುತ್ತೆ ಸಾರ್.”

ಯಶವಂತರು ಯೋಚಿಸಿದರು. “ಹೌದಲ್ಲ. ಬ್ಯಾನರಿನಲ್ಲಿ ಐವತ್ತು ಅಂತ ಪ್ರಿಂಟ್ ಆಗಿದೆ. ಭಾಷಣವೂ ಬರೆದಿದೀನಿ. ಅದರಲ್ಲಿ ಐವತ್ತು ಅನ್ನೋದು ಹದಿನೇಳು ಸಲ ಬರುತ್ತೆ.”

ಅಂದು ರಾತ್ರಿಯ ಊಟ ನಿತ್ಯಾನಂದರಿಗೆ ರುಚಿಸಲಿಲ್ಲ. ತಾನು ಒತ್ತಿದ ಎಂಟು ಅಂಕಿಗಳು ಒಬ್ಬ ಹೆಂಗಸಿನ ಹುಟ್ಟಿನ ಮೇಲೆ ಹೋಗಿ ಕೂತಿವೆ. ಸರಿಯಾದ ದಿನಾಂಕ ಒಂದು ಸಿಕ್ಕಿಬಿಟ್ಟರೆ, ಹಾಕಿಬಿಟ್ಟರೆ, ಎಲ್ಲರ ಬಾಯಿ ಮುಚ್ಚುತ್ತದೆ. ಅಪ್ಪಣ್ಣನವರಿಗೆ ಫೋನು ಮಾಡಿದರು. ಆ ಕಡೆಯಿಂದ ತಗ್ಗಿದ ದನಿಯಲ್ಲಿ ಒಂದು ಪ್ರಶ್ನೆ: “ಆ ತಾರೀಕು ನಿಮಗೆ ಎಲ್ಲಿಂದ ಸಿಕ್ಕಿತು ಮಾರಾಯ್ರೆ?”

“ನಾನೇ ಬಂದು ಮಾತಾಡ್ತೀನಿ,” ಎಂದರು ನಿತ್ಯಾನಂದರು.

ಹತ್ತನೇ ತಾರೀಕು ಶನಿವಾರ ಬೆಳಗಿನ ರೈಲು ಹತ್ತಿ ತಿರುವನಂತಪುರಕ್ಕೆ ಹೋದರು. ಚಾಲೈ ಪೇಟೆಯಲ್ಲಿ ಈರುಳ್ಳಿ ಮೂಟೆ, ಬಾಳೆಗೊನೆ, ಕೈಗಾಡಿಗಳ ನಡುವೆ ಫೈಲನ್ನು ಎದೆಗೆ ಅವಚಿಕೊಂಡು ನಡೆದರು. ಅಪ್ಪಣ್ಣನವರ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಗೋಡೆ ತುಂಬ ಹಳೆಯ ಹಿತ್ತಾಳೆ ತಟ್ಟೆಗಳು, ಕಬ್ಬಿಣದ ಬಟ್ಟುಗಳು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಎಲೆಕ್ಟ್ರಾನಿಕ್ ತಕ್ಕಡಿ. ಅಪ್ಪಣ್ಣನವರು ಕನ್ನಡಕ ಮೇಲೆತ್ತಿ ನೋಡಿ, ಎದುರಿನ ಅಂಗಡಿಗೆ “ಎರಡು ಚಾಯ” ಎಂದು ಕೂಗಿ, ಮರುಮಾತಿಲ್ಲದೆ ಅಂಗಡಿಯ ಹಿಂದಿನ ಮನೆಯೊಳಕ್ಕೆ ಕರೆದುಕೊಂಡು ಹೋದರು.

ಒಳಗೆ ಸುಮಿತ್ರಮ್ಮನವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಹಾಸನದ ಕಡೆಯವರು. ನಿತ್ಯಾನಂದರನ್ನು ನೋಡಿ ತುಳಿಯುವುದನ್ನು ನಿಲ್ಲಿಸಿದರು.

“ಯಾವ ಕಾಗದ ಸಿಕ್ತು ನಿಮಗೆ?”

“ಕಾಗದ?”

“ಇವರು ಒಂದು ವಾರದಿಂದ ಸರಿಯಾಗಿ ಊಟ ಮಾಡಿಲ್ಲ. ಯಾವ ಆಫೀಸಲ್ಲಿ ಏನು ತೆಗೆದಿರಿ ಅಂತ ನೇರವಾಗಿ ಹೇಳಿಬಿಡಿ. ನಿಮ್ಮದು ಸೆಂಟ್ರಲ್ ಗೌರ್ಮೆಂಟ್ ಅಂತೆ, ನಿಮಗೆ ಎಲ್ಲ ಸಿಗುತ್ತೆ.”

ತಾನು ತಪ್ಪಿತಸ್ಥನಾಗಿ ಬಂದಲ್ಲಿ ತನ್ನನ್ನೇ ಪೊಲೀಸಿನಂತೆ ನೋಡುತ್ತಿದ್ದಾರೆಂಬುದು ನಿತ್ಯಾನಂದರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅಮ್ಮಾ, ಕಾಗದ ಯಾವುದೂ ಇಲ್ಲ. ಅದು ಸುಮ್ಮನೆ ಹಾಕಿದ್ದು. ಕಾಲಂ ಖಾಲಿಯಿತ್ತು, ಪ್ರೋಗ್ರಾಂ ಬಿಡಲಿಲ್ಲ, ಹಾಕಿಬಿಟ್ಟೆ.”

“ಸುಮ್ಮನೆ?”

“ಒತ್ತಲು ಸುಲಭ ಅಂತ.”

ಅಪ್ಪಣ್ಣನವರು ಗೋಡೆಗೆ ಒರಗಿ ಕೂತರು. ಚಾಯ ಬಂತು, ಒಂದೇ ಗುಟುಕಿಗೆ ಕುಡಿದರು.

ಆ ನಿರಾಳವನ್ನು ನಿತ್ಯಾನಂದರು ತಪ್ಪಾಗಿ ತಿಳಿದು ಉತ್ಸಾಹದಿಂದ ಫೈಲು ಬಿಚ್ಚಿದರು. “ಈಗ ಸರಿಯಾದ ದಿನಾಂಕ ಹೇಳಿಬಿಡಿ. ತಿದ್ದಿಬಿಡ್ತೀನಿ.”

“ಇಲ್ಲ,” ಎಂದರು ಸುಮಿತ್ರಮ್ಮ.

“ಮರೆತಿದ್ದರೆ ಪರವಾಗಿಲ್ಲ. ಲಗ್ನಪತ್ರಿಕೆ?”

“ಇಲ್ಲ.”

“ಫೋಟೋ? ಹಿಂದೆ ಸ್ಟುಡಿಯೋದವರು ತಾರೀಕು ಬರೀತಿದ್ರು.”

“ಇಲ್ಲ.”

“ತಿಥಿ? ನಕ್ಷತ್ರ? ಯಾವ ಹಬ್ಬದ ಆಸುಪಾಸು?”

“ನಿತ್ಯಾನಂದರೇ,” ಎಂದರು ಅಪ್ಪಣ್ಣನವರು ಮೆಲ್ಲಗೆ, “ಅವಳು ಮರೆತದ್ದಲ್ಲ. ಮದುವೆ ಆದದ್ದೇ ಇಲ್ಲ.”

ಹೊರಗೆ ಯಾರೋ ಕೈಗಾಡಿಯವನು ದಾರಿ ಬಿಡಿ ಎಂದು ಕೂಗುತ್ತಿದ್ದ. ನಿತ್ಯಾನಂದರ ತೋರುಬೆರಳು ಫೈಲಿನ ಮೇಲೆ ಅರ್ಧ ಸುತ್ತು ಹಾಕಿ ನಿಂತಿತು.

ಸುಮಿತ್ರಮ್ಮ ಹೇಳಿದರು. ಬಹಳ ಸರಳವಾಗಿ, ಬೇರೆಯವರ ಮನೆಯ ಸುದ್ದಿಯ ಹಾಗೆ ಹೇಳಿದರು. ಇಪ್ಪತ್ತನೇ ವರ್ಷಕ್ಕೆ ಬೇರೆ ಒಬ್ಬರೊಡನೆ ಮದುವೆಯಾಗಿ ಈ ಊರಿಗೆ ಬಂದದ್ದು. ಎಂಟನೇ ತಿಂಗಳಿಗೆ ಆ ಮನುಷ್ಯ ಬೊಂಬಾಯಿಗೆ ಹೋದದ್ದು. ಅಲ್ಲಿ ಇನ್ನೊಂದು ಸಂಸಾರ. ತವರಿಗೆ ಬರೆದರೆ ‘ಗಂಡನ ಮನೆಯಲ್ಲೇ ಇರು’ ಎಂದು ಉತ್ತರ. ಗಂಡನ ಮನೆ ಎಂದರೆ ಚಾಲೈಯ ಈ ಒಂದು ಬಾಡಿಗೆ ಕೋಣೆ. ರವಿಕೆ ಹೊಲಿದು ಬದುಕಿದರು. ಪಕ್ಕದ ಅಂಗಡಿಯಲ್ಲಿ ಕಾಸರಗೋಡಿನಿಂದ ಬಂದ ಹುಡುಗನೊಬ್ಬ ತಕ್ಕಡಿ ರಿಪೇರಿ ಮಾಡುತ್ತಿದ್ದ. ಹೊಲಿಗೆ ಯಂತ್ರ ಕೆಟ್ಟಾಗ ಸರಿಮಾಡಿಕೊಟ್ಟ.

“ಅವನು ಬಿಡುಗಡೆಯ ಕಾಗದ ಕೊಡಲಿಲ್ಲ. ಹಾಗಿದ್ದಾಗ ಇವರನ್ನ ಹೇಗೆ ಮದುವೆಯಾಗಲಿ? ಇವರು ಒಂದು ದಿನ ಊಟಕ್ಕೆ ಬಂದರು. ಒಂದು ದಿನ ಜ್ವರ ಬಂದು ಇಲ್ಲೇ ಮಲಗಿದರು. ಒಂದು ದಿನ ಅವರ ಟ್ರಂಕು ಬಂತು. ಯಾವ ದಿನ ಬರೀಲಿ ನಿಮ್ಮ ಫಾರಂನಲ್ಲಿ? ಊಟದ್ದೋ, ಜ್ವರದ್ದೋ, ಟ್ರಂಕಿನದೋ? ಅದಕ್ಕೇ ಬಿಟ್ಟೆ.”

“ಆಮೇಲೆ...?” ಎಂದರು ನಿತ್ಯಾನಂದರು.

“ತೊಂಬತ್ತೆಂಟರಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ಆಗ ಆಗಬಹುದಿತ್ತು. ಆದರೆ ಆಗ ನಂದಿತಾ ಮದುವೆಯ ಮಾತುಕತೆ ನಡೀತಿತ್ತು.”

“ಮಗಳ ಮದುವೆಯ ಮೊದಲು ಅಪ್ಪ ಅಮ್ಮನ ಮದುವೆ ಅಂತ ಯಾರನ್ನು ಕರೆಯುದು ಮಾರಾಯ್ರೆ?” ಎಂದರು ಅಪ್ಪಣ್ಣನವರು. ಮೂವರೂ ನಕ್ಕರು.

ಸುಮಿತ್ರಮ್ಮ ಕೇಳಿದರು: “ಆ ಕಾಲಂ ಖಾಲಿ ಬಿಟ್ರೆ ಏನಾಗುತ್ತೆ?”

“ಪ್ರೋಗ್ರಾಂ ಸೇವ್ ಮಾಡಲ್ಲ ಅಮ್ಮಾ.”

“ಯಾರು ಹಾಗೆ ಮಾಡಿಟ್ಟಿದ್ದು?”

ಇಲ್ಲಿ ಯಂತ್ರದ ದೋಷವೆನ್ನುವ ಅವಕಾಶ ಸ್ಪಷ್ಟವಾಗಿ ಇತ್ತು. “ನಾನು,” ಎಂದರು ನಿತ್ಯಾನಂದರು.

ಸಮಾರಂಭ ಬೇಡವೆಂದರು ಸುಮಿತ್ರಮ್ಮ. ಇಲ್ಲದ್ದಕ್ಕೆ ಹಾರ ಹಾಕಿಸಿಕೊಳ್ಳಲು ತನ್ನಿಂದಾಗದು. ಆದರೆ ತಾವೇ ಬೇಡವೆಂದರೆ ಯಾಕೆಂದು ನಂದಿತಾ ಕೇಳುತ್ತಾಳೆ, ಕೂಟವೂ ಕೇಳುತ್ತದೆ. ನಂದಿತಾಗೆ ಹೇಳಲೇಬೇಕು, ಹೇಳುತ್ತೇನೆ. ಆದರೆ ಬೇರೆಯವರ ಬಾಯಿಂದ ಹೋಗುವುದು ಬೇಡ.

“ನಿಮಗೆ ಯಾರೂ ಏನೂ ಕೇಳದ ಹಾಗೆ ನಾನು ನೋಡ್ಕೋತೀನಿ,” ಎಂದರು ನಿತ್ಯಾನಂದರು. ಹೇಗೆಂದು ಅವರಿಗೆ ಆಗ ತಿಳಿದಿರಲಿಲ್ಲ. ವಾಪಸು ಬರುವ ರೈಲು ಕೊಲ್ಲಂ ದಾಟುವಾಗ ತಿಳಿಯಿತು. ಉಳಿದದ್ದು ಒಂದೇ ದಾರಿ. ಅದು ಅವರಿಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

ಹದಿನೆಂಟನೇ ತಾರೀಕು ಭಾನುವಾರ ಕೂಟದ ಸಭಾಂಗಣ ತುಂಬಿತ್ತು. ಎಳ್ಳುಬೆಲ್ಲದ ಪೊಟ್ಟಣ ಹಂಚಿಯಾಗಿತ್ತು. ವೇದಿಕೆಯ ಹಿಂದೆ ‘ಸುವರ್ಣ ದಾಂಪತ್ಯ 50’ ಎಂಬ ಬ್ಯಾನರು ಎರಡು ಫ್ಯಾನುಗಳ ಗಾಳಿಗೆ ಉಬ್ಬುತ್ತಿತ್ತು. ಮುಂದಿನ ಸಾಲಿನಲ್ಲಿ ಅಪ್ಪಣ್ಣ, ಸುಮಿತ್ರಮ್ಮ, ನಡುವೆ ರೇಷ್ಮೆ ಸೀರೆಯ ನಂದಿತಾ. ಯಶವಂತರು ಭಾಷಣದ ಹಾಳೆಗಳನ್ನು ಬಿಚ್ಚಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ನಿತ್ಯಾನಂದರು ಹೋಗಿ ಮೈಕು ತೆಗೆದುಕೊಂಡರು. ಯಶವಂತರ ಕೈಯಿಂದ ಮೈಕು ತೆಗೆದುಕೊಂಡವರು ಕೂಟದ ಇತಿಹಾಸದಲ್ಲಿ ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

“ಒಂದು ತಪ್ಪೊಪ್ಪಿಗೆ,” ಎಂದರು. “ನಮ್ಮ ಪಟ್ಟಿಯಲ್ಲಿ ಹನ್ನೊಂದು ಜನರ ಮದುವೆಯ ದಿನಾಂಕ ಇರಲಿಲ್ಲ. ಖಾಲಿ ಬಿಡಬಾರದು ಅಂತ ನಾನೇ ನಿಯಮ ಮಾಡಿಸಿದ್ದೆ. ಅಪರ್ಣಾ ಬೇಡ ಅಂದಿದ್ದಳು. ಕೇಳಲಿಲ್ಲ. ಆಮೇಲೆ ಆ ನಿಯಮ ನನ್ನನ್ನೇ ಹಿಡೀತು. ಹನ್ನೊಂದು ಜನಕ್ಕೂ ನನ್ನ ಮನಸ್ಸಿಗೆ ಬಂದ ಒಂದೇ ತಾರೀಕು ಹಾಕಿದೆ. ನಟರಾಜನಿಗೂ ಅದೇ, ಸಿಸ್ಟರ್ ಗ್ರೇಸಿಯವರಿಗೂ ಅದೇ, ಅಪ್ಪಣ್ಣನವರಿಗೂ ಅದೇ. ನಟರಾಜನಿಗೆ ಎಷ್ಟು ನಿಜವೋ ಇವರಿಗೂ ಅಷ್ಟೇ ನಿಜ. ಯಂತ್ರದ ದೋಷ ಅಂತ ನಾನು ಎಲ್ಲರಿಗೂ ಹೇಳಿದ್ದು ಸುಳ್ಳು. ಈ ಐವತ್ತು ವರ್ಷದ ಲೆಕ್ಕ ನನ್ನದು, ಅವರದ್ದಲ್ಲ. ಅದರ ಮೇಲೆ ಯಾರಾದರೂ ಏನಾದರೂ ಲೆಕ್ಕ ಹಾಕಿದ್ದರೆ ದಯವಿಟ್ಟು ಅಳಿಸಿಬಿಡಿ.”

ಹಿಂದಿನ ಸಾಲಿನಲ್ಲಿ ನಟರಾಜ ಎದ್ದು ನಿಂತು, “ಶಿವಮೊಗ್ಗದ ಮಾವನವರು ಇದನ್ನು ಕೇಳಿಸಿಕೊಳ್ಳಬೇಕು,” ಎಂದು ಕೂಗಿದ. ಇಡೀ ಸಭೆ ನಕ್ಕಿತು. ಕಾರ್ಯದರ್ಶಿಯನ್ನು ನೋಡಿ ನಗುವ ಅವಕಾಶ ಸಿಕ್ಕ ಸಭೆ ಅದನ್ನು ಬೇಗ ಮುಗಿಸುವುದಿಲ್ಲ. ಆ ನಗುವಿನಲ್ಲಿ ಅಪ್ಪಣ್ಣನವರ ಕುಟುಂಬದ ಲೆಕ್ಕ ಹಾಕುತ್ತಿದ್ದವರೂ ಸೇರಿಕೊಂಡರು. ಈಗ ನಿತ್ಯಾನಂದರ ಮೂರ್ಖತನ ಅದಕ್ಕಿಂತ ಸ್ವಾರಸ್ಯಕರವಾಗಿತ್ತು.

ಯಶವಂತರೊಬ್ಬರು ನಗಲಿಲ್ಲ. ಹಾಳೆಗಳನ್ನು ಮಡಚುತ್ತ, “ಹದಿನೇಳು ಸಲ,” ಎಂದರು.

ನಂದಿತಾ ಕೂತಲ್ಲಿಂದಲೇ ಕೇಳಿದಳು. ಅವಳ ದನಿ ದೊಡ್ಡದಿರಲಿಲ್ಲ, ಆದರೆ ನಗು ಅಡಗಿತು. “ಹಾಗಾದರೆ ನಿಜವಾದ ಡೇಟ್ ಯಾವುದು ಚೇಟ್ಟಾ?”

ನಿತ್ಯಾನಂದರು ಅವಳನ್ನು ನೋಡಿದರು. “ನನಗೆ ಗೊತ್ತಿಲ್ಲ,” ಎಂದರು. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದನ್ನು ತಾನು ಕೇಳಿರಲಿಲ್ಲವೆಂದು ಕೋಕಿಲಾ ಆಮೇಲೆ ಎಲ್ಲರಿಗೂ ಹೇಳಿದಳು.

ಸುಮಿತ್ರಮ್ಮ ಮಗಳ ಮೊಣಕೈ ಹಿಡಿದು ಎಬ್ಬಿಸಿದರು. “ಬಾ. ನಾನು ಹೇಳ್ತೀನಿ.”

ಇಬ್ಬರೂ ಹೊರಗಿನ ಮೆಟ್ಟಿಲ ಬಳಿ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಒಳಗೆ ಮಕ್ಕಳು ಹಾಡು ಶುರುಮಾಡಿದರು. ನಿತ್ಯಾನಂದರು ಹಾಡಿಗೆ ತಾಳ ಹಾಕುತ್ತ ಕಿಟಕಿಯನ್ನೇ ನೋಡುತ್ತಿದ್ದರು. ಸುಮಿತ್ರಮ್ಮನ ತುಟಿ ಅಲುಗುತ್ತಿತ್ತು. ನಂದಿತಾ ಒಮ್ಮೆ ಕಂಬ ಹಿಡಿದುಕೊಂಡಳು. ಬೆನ್ನು ತಿರುಗಿಸಿ ರಸ್ತೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತಳು. ಮುಂದಿನ ಸಾಲಿನಲ್ಲಿ ಅಪ್ಪಣ್ಣನವರು ಎಳ್ಳುಬೆಲ್ಲದ ಪೊಟ್ಟಣವನ್ನು ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದರು. ಎರಡು ಹಾಡು ಮುಗಿದವು. ಮೂರನೆಯದು ಅರ್ಧವಾಗಿದ್ದಾಗ ನಂದಿತಾ ಒಬ್ಬಳೇ ಒಳಗೆ ಬಂದು ಅಪ್ಪನ ಪಕ್ಕ ಕೂತಳು. ಅವರ ಕೈಯಿಂದ ಪೊಟ್ಟಣ ತೆಗೆದುಕೊಂಡು, ಒಂದು ಚೂರು ಕೊಬ್ಬರಿ ಆರಿಸಿ ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಅವರ ಅಂಗೈಯಲ್ಲಿಟ್ಟಳು. ಅಪ್ಪಣ್ಣನವರು ಅದನ್ನು ತಿನ್ನಲು ಬಹಳ ಹೊತ್ತು ತೆಗೆದುಕೊಂಡರು.

ಊಟದ ಹೊತ್ತಿಗೆ ನಿತ್ಯಾನಂದರು ತಾವಾಗಿಯೇ ಸಾಂಬಾರಿನ ಬಕೆಟ್ಟು ಹಿಡಿದರು. ತಲೆ ತಗ್ಗಿಸಿಕೊಂಡಿರಲು ಬಡಿಸುವ ಕೆಲಸದಷ್ಟು ಒಳ್ಳೆಯದು ಬೇರೆ ಇಲ್ಲ. ಮೂಲೆಯ ಸಾಲಿನಲ್ಲಿ ಆ ಮೂವರ ಮುಂದೆ ಬಂದಾಗ ನಂದಿತಾ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಅವಳ ಕಣ್ಣು ಕೆಂಪಾಗಿತ್ತು.

“ಚೇಟ್ಟಾ, ನಿಮಗೆ ಆಗಲೇ ಗೊತ್ತಿತ್ತಾ? ಮೈಕ್ ಹಿಡಿದಾಗ?”

ನಿತ್ಯಾನಂದರು ಬಕೆಟ್ಟಿನೊಳಗೆ ನೋಡಿದರು.

“ಸರಿ, ಹೇಳಬೇಡಿ,” ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ, “ಅಮ್ಮಾ, ಈಗ ಏನು ಅಡ್ಡಿ? ರಿಜಿಸ್ಟರ್ ಆಫೀಸಿಗೆ ಹೋಗಿ ಮಾಡ್ಕೊಳ್ಳಿ. ನಾನು ಸಾಕ್ಷಿ ಹಾಕ್ತೇನೆ.”

ಅಪ್ಪಣ್ಣನವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಸುಮಿತ್ರಮ್ಮ ಪಲ್ಯ ಮುಗಿಸಿದರು, ನೀರು ಕುಡಿದರು, ಲೋಟ ಕೆಳಗಿಟ್ಟರು.

“ಯೋಚನೆ ಮಾಡಿ ಹೇಳ್ತೀನಿ,” ಎಂದರು.

“ಯೋಚನೆಯಾ? ಇನ್ನೂ ಎಂತ ಯೋಚನೆ?” ಎಂದಳು ನಂದಿತಾ.

“ಹೋದ ಸಲ ಯೋಚನೆ ಮಾಡದೆ ಮದುವೆಯಾಗಿದ್ದೆ. ಈ ಸಲ ಮಾಡ್ತೀನಿ. ನಿತ್ಯಾನಂದರೇ, ಸ್ವಲ್ಪ ಸಾಂಬಾರು ಹಾಕಿ.”

ನಿತ್ಯಾನಂದರು ಮರುದಿನವೇ ಅಪರ್ಣಾಳನ್ನು ಕರೆಸಿ ನಿಯಮ ತೆಗೆಸಿದರು. ಅವಳು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದು ಅವರಿಗೆ ಇನ್ನಷ್ಟು ಚುಚ್ಚಿತು. ಕಚೇರಿಯಲ್ಲಿ ಈಗ ಯಾರಾದರೂ ಕಾಲಂ ಬಿಟ್ಟಿದ್ದರೆ ಕೆಂಪು ಸುತ್ತು ಹಾಕುವ ಮೊದಲು ತಲೆಯೆತ್ತಿ ಆ ಮನುಷ್ಯನ ಮುಖ ನೋಡುತ್ತಾರಂತೆ. ಇದರಿಂದ ಸಾಲು ನಿಧಾನವಾಗುತ್ತಿದೆ ಎಂದು ಎರಡು ದೂರು ಬಂದಿವೆ.

ಮಾರ್ಚ್ ತಿಂಗಳಲ್ಲಿ ಯುಗಾದಿಯ ಆಹ್ವಾನ ತಿಳಿಸಲು ಅಪ್ಪಣ್ಣನವರಿಗೆ ಫೋನು ಮಾಡಿದರು. ಆ ಕಡೆ ಚಾಲೈಯ ಗಲಾಟೆ ಕೇಳುತ್ತಿತ್ತು. ಹಬ್ಬದ ವಿಷಯ ಮುಗಿದ ಮೇಲೂ ಇಬ್ಬರೂ ಫೋನಿಡಲಿಲ್ಲ. ನಿತ್ಯಾನಂದರಿಗೆ ಕೇಳಬೇಕೆಂದು ನಾಲಿಗೆ ತುದಿಯವರೆಗೆ ಬಂದಿತ್ತು. ಕೇಳಲಿಲ್ಲ.

ಅಪ್ಪಣ್ಣನವರೇ ಹೇಳಿದರು. “ಅವಳು ಇನ್ನೂ ಎಂತದೂ ಹೇಳಲಿಲ್ಲ. ನಾನೂ ಕೇಳ್ಲಿಕ್ಕೆ ಹೋಗಲಿಲ್ಲ. ಆದರೆ ಮೊನ್ನೆ ನನ್ನ ಹೊಸ ಅಂಗಿ ಬೇಡ ಅಂದ್ಳು. ಈ ಬಣ್ಣ ನಿಮಗೆ ಒಪ್ಪುದಿಲ್ಲ, ಬದಲಿಸಿಕೊಂಡು ಬನ್ನಿ ಅಂತ. ನಾನು ಎಂತ ಬಣ್ಣದ ಅಂಗಿ ಹಾಕ್ತೇನೆ ಅಂತ ಇಷ್ಟು ವರ್ಷದಲ್ಲಿ ಅವಳು ನೋಡಿದವಳಲ್ಲ.”

“ಒಳ್ಳೇದೇ ಅಲ್ವೇ?”

“ಒಳ್ಳೇದೇ.” ಒಂದು ನಿಟ್ಟುಸಿರು ಕೇಳಿಸಿತು. “ಆದರೆ ಮಾರಾಯ್ರೆ, ಒಂದು ವೇಳೆ ಅವಳು ಬೇಡ ಅಂದ್ರೆ? ಈ ವಯಸ್ಸಿನಲ್ಲಿ ನನಗೆ ಇದು ಮೊದಲನೇ ಸಲ, ಸ್ವಲ್ಪ ಹೆದರಿಕೆ ಆಗ್ತಾ ಉಂಟು.”